ಕುಲವಿಲ್ಲದ ಕಾರಿನ ಗುಣಪರೀಕ್ಷೆ

ಮೋಟಾರು ಕಾರುಗಳ ಲೋಕದಲ್ಲೂ ಕುಲ, ಮನೆತನಗಳ ಮಾತಿದೆ. ಸಾಮಾನ್ಯ ಕಾರು ಕೊಳ್ಳುವವರು ಬೆಲೆ, ಮೈಲೇಜು, ಬಿಡಿಭಾಗಗಳ ಬಗ್ಗೆ ವಿಚಾರಿಸುತ್ತಾರೆ. ಐಷಾರಾಮಿ ಸಲೂನ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಅದರ ಮುಂಭಾಗದ ಲಾಂಛನದ ಕಡೆಗೆ. ಹಾಗಿರುವಾಗ, ಹಿರಿಯರ ಹೆಸರಿನ ಬೆಂಬಲವಿಲ್ಲದ ಹೊಸ ಕಾರನ್ನು ಅಳೆಯುವುದು ಹೇಗೆ? ಈ ಪ್ರಶ್ನೆ ತೀವ್ರವಾಗಿ ಎದುರಾದದ್ದು 1989ರಲ್ಲಿ, ಜಪಾನಿನ ಟೊಯೋಟ ಕಂಪೆನಿಯು ಲೆಕ್ಸಸ್ ಎಲ್.ಎಸ್. 400 ಎಂಬ ಸಲೂನನ್ನು ಅಮೆರಿಕದ ಮಾರುಕಟ್ಟೆಗೆ ತಂದಾಗ.

ಐಷಾರಾಮಿ ಕಾರಿಗೆ ಅತ್ಯಂತ ಹಳೆಯ ಅಳತೆಗೋಲು ನಿಶ್ಶಬ್ದ. ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪೆನಿಯು 1907ರಲ್ಲಿ ತನ್ನ 'ಸಿಲ್ವರ್ ಘೋಸ್ಟ್' ಕಾರನ್ನು ಸುಮಾರು 15,000 ಮೈಲಿ ಓಡಿಸಿ ಅದರ ಬಾಳಿಕೆಯನ್ನು ಲೋಕಕ್ಕೆ ತೋರಿಸಿತು. ಬೆಳ್ಳಿ ಬಣ್ಣದ, ಭೂತದಂತೆ ಸದ್ದಿಲ್ಲದೆ ಸಾಗುವ ಕಾರು ಎಂಬುದೇ ಆ ಹೆಸರಿನ ಅರ್ಥ. ಗಂಟೆಗೆ 60 ಮೈಲಿ ವೇಗದಲ್ಲಿ ಕಾರಿನೊಳಗೆ ಕೇಳುವ ಅತಿ ದೊಡ್ಡ ಸದ್ದು ಗಡಿಯಾರದ್ದು ಎಂದು ಅದೇ ಕಂಪೆನಿಯ 1958ರ ಜಾಹೀರಾತು ಸಾರಿತು. ಮುಂದೆ ಜರ್ಮನಿಯ ಮರ್ಸಿಡಿಸ್ ಬೆಂಜ್ ಮತ್ತು ಬಿ.ಎಂ.ಡಬ್ಲ್ಯು. ಕಂಪೆನಿಗಳು ಈ ಪಟ್ಟಿಗೆ ವೇಗವನ್ನೂ ಸುರಕ್ಷತೆಯನ್ನೂ ಸೇರಿಸಿದವು.

ಅಗ್ಗದ, ಕೆಟ್ಟು ನಿಲ್ಲದ ಕಾರುಗಳಿಗೆ ಹೆಸರಾಗಿದ್ದ ಟೊಯೋಟ ಈ ಪಂಕ್ತಿಗೆ ಬಂದು ಕೂರಲು ಯತ್ನಿಸಿದ್ದೇಕೆ? ಉತ್ತರದ ಒಂದು ಭಾಗ ರಾಜಕೀಯದಲ್ಲಿದೆ. ಅಮೆರಿಕದ ಒತ್ತಡಕ್ಕೆ ಮಣಿದ ಜಪಾನ್, 1981ರಲ್ಲಿ ಆ ದೇಶಕ್ಕೆ ಕಳುಹಿಸುವ ಕಾರುಗಳ ಸಂಖ್ಯೆಯನ್ನು ವರ್ಷಕ್ಕೆ 16.8 ಲಕ್ಷಕ್ಕೆ ಸೀಮಿತಗೊಳಿಸಿತು. ಸಂಖ್ಯೆ ಹೆಚ್ಚಿಸುವಂತಿಲ್ಲವಾದರೆ ಪ್ರತಿ ಕಾರಿನ ಬೆಲೆಯನ್ನೇ ಹೆಚ್ಚಿಸಬೇಕಲ್ಲವೆ? ಅಗ್ಗದ ಕಾರನ್ನು ತಡೆಯಲು ಹಾಕಿದ ಬೇಲಿಯೇ ದುಬಾರಿ ಕಾರಿಗೆ ದಾರಿ ಮಾಡಿಕೊಟ್ಟಿತು. 1983ರಲ್ಲಿ ಟೊಯೋಟದ ಅಧ್ಯಕ್ಷ ಐಜಿ ಟೊಯೋಡ, ಜಗತ್ತಿನ ಅತ್ಯುತ್ತಮ ಕಾರುಗಳಿಗೆ ಸಾಟಿಯಾಗುವ ಕಾರನ್ನು ತಾವು ನಿರ್ಮಿಸಬಲ್ಲೆವೇ ಎಂದು ತಮ್ಮವರ ಮುಂದೆ ಪ್ರಶ್ನೆ ಇಟ್ಟರು. 1986ರಲ್ಲಿ ಹೋಂಡ ಕಂಪೆನಿಯು 'ಅಕ್ಯುರ' ಎಂಬ ಪ್ರತ್ಯೇಕ ಹೆಸರಿನಲ್ಲಿ ಅಮೆರಿಕದಲ್ಲಿ ಮಳಿಗೆ ತೆರೆದದ್ದು ಈ ಹಾದಿಯ ಮೊದಲ ಹೆಜ್ಜೆಯಾಯಿತು.

ಮುಖ್ಯ ಎಂಜಿನಿಯರ್ ಇಚಿರೊ ಸುಜುಕಿ ಅವರ ಮುಂದಿದ್ದದ್ದು ಒಂದಕ್ಕೊಂದು ಒಗ್ಗದ ಬೇಡಿಕೆಗಳು. ವೇಗ ಬೇಕು, ಆದರೆ ಇಂಧನ ಕಡಿಮೆ ಸುಡಬೇಕು. ನಿಶ್ಶಬ್ದ ಬೇಕು, ಆದರೆ ತೂಕ ಏರಬಾರದು. ಸದ್ದನ್ನು ದಪ್ಪ ಹೊದಿಕೆಯಿಂದ ಮುಚ್ಚುವುದು ಸುಲಭ. ಆಗ ಕಾರು ಭಾರವಾಗುತ್ತದೆ. ಆದ್ದರಿಂದ ಸದ್ದನ್ನು ಹುಟ್ಟುವ ಜಾಗದಲ್ಲೇ ಅಡಗಿಸುವ ದಾರಿಯನ್ನು ಅವರು ಹಿಡಿದರು. ಎಂಜಿನ್ ಭಾಗಗಳನ್ನು ಹೆಚ್ಚು ನಿಖರವಾಗಿ ಕಡೆದರೆ ಕಂಪನವೇ ಕಡಿಮೆಯಾಗುತ್ತದೆ. ಇದಕ್ಕಾಗಿ ಸುಮಾರು 450 ಮಾದರಿ ಕಾರುಗಳು ತಯಾರಾದವು.

ನಾಲ್ಕು ಲೀಟರ್‌ಗಳ, ಎಂಟು ಸಿಲಿಂಡರುಗಳ, 250 ಅಶ್ವಶಕ್ತಿಯ ಈ ಕಾರು ಅಮೆರಿಕದಲ್ಲಿ ಹೆಚ್ಚು ಪೆಟ್ರೋಲು ಕುಡಿಯುವ ಕಾರುಗಳಿಗೆ ವಿಧಿಸುವ ತೆರಿಗೆಯಿಂದಲೂ ಪಾರಾಯಿತು. ಜಾಹೀರಾತಿನಲ್ಲಿ ಕಾರಿನ ಬಾನೆಟ್ಟಿನ ಮೇಲೆ ಗೋಪುರದಂತೆ ಪೇರಿಸಿದ ಶಾಂಪೇನ್ ಲೋಟಗಳು ಗಾಲಿಗಳು ರಭಸದಿಂದ ತಿರುಗುತ್ತಿದ್ದರೂ ಅಲುಗಲಿಲ್ಲ. ಆರಂಭದ ಬೆಲೆ 35,000 ಡಾಲರ್. ಜರ್ಮನಿಯ ಸ್ಪರ್ಧಿಗಳಿಗಿಂತ ಬಹಳ ಕಡಿಮೆ.

ನಿಜವಾದ ಪರೀಕ್ಷೆ ಬಂದದ್ದು ಅದೇ ಡಿಸೆಂಬರಿನಲ್ಲಿ. ಬ್ರೇಕ್ ದೀಪ ಮತ್ತು ವೇಗ ನಿಯಂತ್ರಕದ ದೋಷಗಳಿಂದಾಗಿ, ಮಾರಾಟವಾಗಿದ್ದ ಸುಮಾರು 8,000 ಕಾರುಗಳನ್ನೂ ಹಿಂದಕ್ಕೆ ಕರೆಯಬೇಕಾಯಿತು. ಆಗಷ್ಟೇ ಹುಟ್ಟಿದ ಹೆಸರು ಅಲ್ಲಿಗೇ ಮಣ್ಣುಪಾಲಾಗಬಹುದಿತ್ತು. ಕಂಪೆನಿಯು ಮಾಲೀಕರ ಮನೆಗಳಿಂದಲೇ ಕಾರುಗಳನ್ನು ಒಯ್ದು, ದುರಸ್ತಿ ಮಾಡಿ, ತೊಳೆದು, ಪೆಟ್ರೋಲು ತುಂಬಿಸಿ ಮರಳಿಸಿತು. 20 ದಿನಗಳಲ್ಲಿ ಕೆಲಸ ಮುಗಿಯಿತು. 1991ರ ವೇಳೆಗೆ ಅಮೆರಿಕದಲ್ಲಿ ಮಾರಾಟವಾಗುವ ಆಮದು ಐಷಾರಾಮಿ ಕಾರುಗಳಲ್ಲಿ ಲೆಕ್ಸಸ್ ಮೊದಲ ಸ್ಥಾನಕ್ಕೇರಿತ್ತು.

ಹಾಗೆಂದು ಟೀಕೆಗಳು ಇರಲಿಲ್ಲವೆಂದಲ್ಲ. ಹೊರನೋಟದಲ್ಲಿ ಮರ್ಸಿಡಿಸ್‌ನ ಛಾಯೆಯನ್ನು ಹಲವರು ಕಂಡರು. ಚಾಲಕನಿಗೆ ರಸ್ತೆಯ ಸ್ಪರ್ಶವೇ ಸಿಗದೆಂದರು. ಅಗ್ಗದ ಬೆಲೆಯೂ ಉಳಿಯಲಿಲ್ಲ. 1995ರ ಹೊತ್ತಿಗೆ ಅದು 50,000 ಡಾಲರ್ ದಾಟಿತು. ಕುಲವಿಲ್ಲದೆ ಬಂದದ್ದು ಕ್ರಮೇಣ ತಾನೇ ಒಂದು ಕುಲವಾಯಿತು. ಇದೇ ಲೆಕ್ಸಸ್ ಹೆಸರಿನ ಇ.ಎಸ್. ಸಲೂನಿನ ಜೋಡಣೆ ಬೆಂಗಳೂರು ಸಮೀಪದ ಬಿಡದಿಯಲ್ಲಿ 2020ರಲ್ಲಿ ಆರಂಭವಾದಾಗ, ಇಲ್ಲಿನ ಗ್ರಾಹಕರಿಗೂ ಲಾಂಛನವೇ ಸಾಕಷ್ಟು ಶಿಫಾರಸಾಗಿತ್ತು.

ಹೊಸ ಕಾರಿನ ಬೆಲೆ ಕಟ್ಟುವವರಿಗೆ ಈ ಇತಿಹಾಸ ಹೇಳುವುದು ಸರಳ: ಚರ್ಮದ ಆಸನ, ಮರದ ಮೆರುಗು, ಎಂಜಿನಿನ ಶಕ್ತಿ ಇವೆಲ್ಲ ಮಳಿಗೆಯಲ್ಲೇ ಕಾಣುತ್ತವೆ. ಆದರೆ ಕಾರು ಕೆಟ್ಟ ದಿನ ತಯಾರಕ ಮಾಲೀಕನ ಬಾಗಿಲಿಗೆ ಬರುತ್ತಾನೆಯೇ ಎಂಬುದು ಅಲ್ಲಿ ಕಾಣುವುದಿಲ್ಲ.