ಘಾಜಿಯನ್ನು ಮುಳುಗಿಸಿದ್ದು ಯಾರು? ಐಎನ್‌ಎಸ್ ರಜಪೂತ್ ಎಂಬ ಮುದಿ ಹಡಗಿನ ಕತೆ

2017ರ ‘ದಿ ಘಾಜಿ ಅಟ್ಯಾಕ್’ ಸಿನಿಮಾ ನೋಡಿದ್ದೀರಾ? ಅದರಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿಯನ್ನು ಹೊಡೆಯೋದು ಭಾರತದ ಇನ್ನೊಂದು ಜಲಾಂತರ್ಗಾಮಿ. ಅದು ಕಲ್ಪನೆ. 1971ರಲ್ಲಿ ನಮ್ಮ ನೌಕಾಪಡೆ ಆ ಕೀರ್ತಿ ಕೊಟ್ಟಿದ್ದು ಐಎನ್‌ಎಸ್ ರಜಪೂತ್ ಎಂಬ ಡೆಸ್ಟ್ರಾಯರ್‌ಗೆ.

ರಜಪೂತ್ ಮೂಲದಲ್ಲಿ ಬ್ರಿಟಿಷರ ಎಚ್‌ಎಂಎಸ್ ರಾದರ್‌ಹ್ಯಾಮ್. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಕಟ್ಟಿದ ಈ ಹಡಗು 1942ರಲ್ಲಿ ನೀರಿಗಿಳಿಯಿತು, ಎರಡನೇ ಮಹಾಯುದ್ಧದಲ್ಲಿ ದುಡಿಯಿತು. 1949ರಲ್ಲಿ ಭಾರತಕ್ಕೆ ಬಂತು. ಘಾಜಿಯೂ ಸೆಕೆಂಡ್ ಹ್ಯಾಂಡೇ: 1944ರಲ್ಲಿ ನೀರಿಗಿಳಿದ ಅಮೆರಿಕದ ಡಿಯಾಬ್ಲೊ. ಒಂದೇ ಮಹಾಯುದ್ಧಕ್ಕೆ, ಒಂದೇ ಪಾಳಯದ ಇಬ್ಬರು ಕಟ್ಟಿದ ಹಡಗುಗಳು ಬಂಗಾಳ ಕೊಲ್ಲಿಯಲ್ಲಿ ಎದುರುಬದುರಾದವು!

1971ರ ನವೆಂಬರ್ 14ರಂದು ಘಾಜಿ ಕರಾಚಿ ಬಿಟ್ಟಿತು. ಗುರಿ ವಿಮಾನವಾಹಕ ನೌಕೆ ವಿಕ್ರಾಂತ್. ಬಾಯ್ಲರ್ ಬಿರುಕಿನಿಂದ ವಿಕ್ರಾಂತ್‌ನ ವೇಗ ತಗ್ಗಿತ್ತು, ಅದನ್ನು ಅಂಡಮಾನ್ ಕಡೆ ಬಚ್ಚಿಡಲಾಯಿತು. ಪೂರ್ವ ನೌಕಾಪಡೆಯ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ನಿವೃತ್ತಿಯ ಅಂಚಿನಲ್ಲಿದ್ದ ರಜಪೂತ್‌ಗೆ ವೇಷ ಹಾಕಿಸಿದರು: ‘ನೀನೇ ವಿಕ್ರಾಂತ್’. ಅದು ಸಮುದ್ರಕ್ಕೆ ಹೋಗಿ ದೊಡ್ಡ ಹಡಗಿನ ಹಾಗೆ ರೇಡಿಯೊ ಸಂದೇಶಗಳನ್ನು ಸುರಿಯಿತು. ವಿಶಾಖಪಟ್ಟಣದ ಗುತ್ತಿಗೆದಾರರಿಗೆ ರಾಶಿ ರೇಷನ್ನಿಗೆ ಆರ್ಡರ್ ಹೋಯಿತು. ವಿಕ್ರಾಂತ್‌ನ ನಾವಿಕನೊಬ್ಬ ಕಾಯಿಲೆ ಬಿದ್ದ ಅಮ್ಮನ ಆರೋಗ್ಯ ವಿಚಾರಿಸುವಂತೆ ಒಂದು ಸಂದೇಶವನ್ನೂ ಬೇಕಂತಲೇ ಬಹಿರಂಗವಾಗಿ ಕಳಿಸಿದರು. ಇದನ್ನೆಲ್ಲ ಕೃಷ್ಣನ್ ಅವರೇ ಬರೆದಿದ್ದಾರೆ.

ಡಿಸೆಂಬರ್ 3ರ ರಾತ್ರಿ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ದೀಪ ಆರಿಸಿಕೊಂಡು ರಜಪೂತ್ ಅನ್ನು ಬಂದರಿನಿಂದ ಹೊರಡಿಸಿದರು. ಮುಂದೆ ನೀರು ಕದಡಿದ್ದು ಕಂಡಿತು. ಜಲಾಂತರ್ಗಾಮಿ ಮುಳುಗುತ್ತಿದೆ ಎಂದುಕೊಂಡು ಎರಡು ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬ್, ಎಸೆದು ಮುಂದೆ ಸಾಗಿದರು. ಮಧ್ಯರಾತ್ರಿ ದಾಟಿದ ಮೇಲೆ ಊರಿಗೇ ಕೇಳಿಸುವಂಥ ಸ್ಫೋಟ. ಮರುದಿನ ಮೀನುಗಾರರ ಕೈಗೆ ಅವಶೇಷ ಸಿಕ್ಕವು. ಘಾಜಿಯಲ್ಲಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ.

ಹಾಗಾದರೆ ಹೊಡೆದಿದ್ದು ರಜಪೂತೇ? ಪಾಕಿಸ್ತಾನ ಒಪ್ಪುವುದಿಲ್ಲ, ಅದರ ಪ್ರಕಾರ ಇದು ಅಪಘಾತ. ಘಾಜಿ ತಾನೇ ಹರವುತ್ತಿದ್ದ ಮೈನ್ ಸಿಡಿದಿರಬಹುದು, ಅಥವಾ ಒಳಗೇ ಸ್ಫೋಟ ಆಗಿರಬಹುದು ಎಂಬ ವಾದಗಳಿವೆ. ನಮ್ಮ ನೌಕಾಪಡೆಯ ನಿವೃತ್ತರಲ್ಲೂ ಅನುಮಾನಪಟ್ಟವರಿದ್ದಾರೆ. ಅವರನ್ನು ದೇಶದ್ರೋಹಿ ಅನ್ನೋಕಾಗುತ್ತಾ? ತಕರಾರು ಬಗೆಹರಿಸಬೇಕಿದ್ದ ಕಡತಗಳೇ ಇಲ್ಲ, ನಾಶವಾಗಿವೆ ಎಂದು 2010ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ನನಗೆ ಸಿಟ್ಟು ಬರೋದು ಇಲ್ಲಿ. ಗೆದ್ದ ಯುದ್ಧದ ದಾಖಲೆಯನ್ನೂ ಉಳಿಸಿಕೊಳ್ಳದೆ, ಆ ಜಾಗವನ್ನು ಸಿನಿಮಾಕ್ಕೆ ಬಿಟ್ಟುಕೊಟ್ಟಿದ್ದೇವೆ.

ನನ್ನ ಲೆಕ್ಕದಲ್ಲಿ ರಜಪೂತ್‌ನ ನಿಜವಾದ ಸಾಧನೆ ಆ ಎರಡು ಬಾಂಬ್ ಅಲ್ಲ, ಅದಕ್ಕೂ ಮುಂಚಿನ ಆ ಸುಳ್ಳು. ಘಾಜಿ ವಿಶಾಖಪಟ್ಟಣದ ಬಾಗಿಲಲ್ಲಿದ್ದಾಗ ವಿಕ್ರಾಂತ್ ದೂರದಲ್ಲಿ ಸುರಕ್ಷಿತವಾಗಿತ್ತು. ಡಿಸೆಂಬರ್ 4ರಿಂದ ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಇದರಲ್ಲಿ ಯಾರಿಗೂ ತಕರಾರಿಲ್ಲ.

ರಜಪೂತ್ 1976ರಲ್ಲಿ ಗುಜರಿಗೆ ಹೋಯಿತು. ಘಾಜಿ ಇನ್ನೂ ವಿಶಾಖಪಟ್ಟಣದ ಎದುರಿನ ಸಮುದ್ರದ ತಳದಲ್ಲೇ ಇದೆ.