ದಾನಿ ಕಾರಿನ ಬ್ರೇಕು, ನಮ್ಮ ಕಾಲು

ಇಲ್ಲಿ ಏನೂ ಬರೆಯದೇ ಬಹಳ ದಿನ ಆಯ್ತು. ಕಾರಣ ಆಫೀಸಲ್ಲ, ಕಾರು. ಕೊಂಡ ಕಾರಲ್ಲ, ಕಟ್ಟುತ್ತಿರುವ ಕಾರು! ಅದೂ ನನ್ನದಲ್ಲ. ಆನ್‌ಸೈಟ್ ಅಂತ ನಾನು ಬಂದಿರುವ ಈ ಕೊವೆಂಟ್ರಿಯಲ್ಲಿ ನಮ್ಮ ಟೀಮಿನ ಹಿರಿಯರೊಬ್ಬರು ಮನೆಯ ಗ್ಯಾರೇಜಿನಲ್ಲೇ ಒಂದು ಕಾರು ಕಟ್ಟುತ್ತಿದ್ದಾರೆ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಿದ್ದವನು ನಾನು. ಪಾಪ ಪರಿಹಾರಕ್ಕೆ ಅಂತ ಶನಿವಾರ ಶನಿವಾರ ಹೋಗಿ ಸ್ಪ್ಯಾನರ್ ಹಿಡಿಯುತ್ತೇನೆ.

ಕಾರನ್ನು ಮನೆಯಲ್ಲಿ ಕಟ್ಟುವ ಈ ಹುಚ್ಚು ಇಂಗ್ಲೆಂಡಿನಲ್ಲಿ ಇಷ್ಟು ಬೆಳೆಯೋಕೆ ಒಂದು ದೊಡ್ಡ ಕಾರಣ ತೆರಿಗೆ ಅಂದರೆ ನಂಬುತ್ತೀರಾ? ಇಲ್ಲಿ 1940ರಲ್ಲಿ 'ಪರ್ಚೇಸ್ ಟ್ಯಾಕ್ಸ್' ಬಂತು. ಹೊಸ ಕಾರಿಗೆ ಅದು ಬೀಳುತ್ತಿತ್ತು. ಬಿಡಿಭಾಗಗಳ ಕಟ್ಟನ್ನು ಕೊಂಡು ನೀವೇ ಜೋಡಿಸಿಕೊಂಡರೆ ಬೀಳುತ್ತಿರಲಿಲ್ಲ. ಕಾಲಿನ್ ಚಾಪ್ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಹೀಗೇ ಕಿಟ್ ಆಗಿ ಮಾರಾಟವಾಗಿ ಹೆಸರು ಮಾಡಿತು. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂದಾಗ ಕಿಟ್‌ನ ಲಾಭವೂ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್‌ನವರಿಗೆ ಸೇರಿತು. ತೆರಿಗೆ ಹೋದರೂ ಹುಚ್ಚು ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಮೇಷ್ಟ್ರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟೋದು ಹೇಗೆ ಅಂತ ಒಂದು ಪುಸ್ತಕವನ್ನೇ ಬರೆದರು. ಚಾಸಿಯ ಕಬ್ಬಿಣ ನೀವೇ ಬೆಸುಗೆ ಹಾಕಿ, ಉಳಿದದ್ದನ್ನು ಒಂದು ಹಳೆಯ ಫೋರ್ಡ್ ಎಸ್ಕಾರ್ಟ್‌ನಿಂದ ಕಿತ್ತುಕೊಳ್ಳಿ. ಇಂಥ ಕಾರುಗಳಿಗೆ 'ಲೋಕಾಸ್ಟ್' ಅಂತ ಹೆಸರು. ಹಾಗೆ ಅಂಗ ಕೊಡುವ ಹಳೇ ಕಾರಿಗೆ 'ಡೋನರ್' ಅನ್ನುತ್ತಾರೆ, ಅಂಗದಾನದ ಥರಾನೇ. ಈಗ ಆ ಎಸ್ಕಾರ್ಟ್‌ಗಳೇ ಸಂಗ್ರಹಕಾರರ ಕೈ ಸೇರಿ ದುಬಾರಿಯಾಗಿವೆ. ನಮ್ಮ ದಾನಿ ಮಜ್ದಾ ಎಂಎಕ್ಸ್-5.

ಇಂಜಿನ್ನು, ಗೇರ್‌ಬಾಕ್ಸು ಎಲ್ಲ ಸುಲಭಕ್ಕೆ ಕೂತವು. ಕೈ ಕೊಟ್ಟಿದ್ದು ಬ್ರೇಕಿನ ಮಾಸ್ಟರ್ ಸಿಲಿಂಡರ್.

ಇದರ ಕತೆಯೂ ಸ್ವಾರಸ್ಯವಾಗಿದೆ. ಮೊದಮೊದಲು ಬ್ರೇಕು ಅಂದರೆ ಸರಳು, ಇಲ್ಲವೇ ಕೇಬಲ್ಲು. ನಾಲ್ಕೂ ಚಕ್ರಕ್ಕೆ ಸಮನಾಗಿ ಎಳೆತ ಹಂಚೋದೇ ತಲೆನೋವು. ದ್ರವಕ್ಕೆ ಆ ಕಷ್ಟ ಇಲ್ಲ, ಎಲ್ಲ ಕಡೆಗೂ ಒಂದೇ ಒತ್ತಡ (ಪಾಸ್ಕಲ್ ನಿಯಮ, ಪಿಯುಸಿಯಲ್ಲಿ ಉರು ಹೊಡೆದದ್ದು). ಅಮೆರಿಕದಲ್ಲಿ ಅದನ್ನು ಕಾರಿಗೆ ತಂದವರು ಮಾಲ್ಕಮ್ ಲಾಕ್‌ಹೀಡ್. ಹೌದು, ವಿಮಾನದ ಲಾಕ್‌ಹೀಡ್ ಅಣ್ಣತಮ್ಮಂದಿರಲ್ಲಿ ಒಬ್ಬರು. 1921ರ ಡ್ಯೂಸೆನ್‌ಬರ್ಗ್, 1924ರ ಕ್ರೈಸ್ಲರ್ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಹಾಕಿಕೊಂಡವು. ಆದರೆ ಹೆಚ್ಚಿನ ಕಾರುಗಳಲ್ಲಿ ಬಹಳ ಕಾಲ ಒಂದೇ ಕೊಳವೆ ಜಾಲ. ಎಲ್ಲೋ ಒಂದು ಪೈಪು ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಗೋತಾ. ಒಂದೇ ಸಿಲಿಂಡರಿನಲ್ಲಿ ಎರಡು ಪಿಸ್ಟನ್, ಎರಡು ಪ್ರತ್ಯೇಕ ಜಾಲ ಅನ್ನೋದು ಅರವತ್ತರ ದಶಕದಲ್ಲಷ್ಟೇ ಹರಡಿತು. 1962ರ ಕ್ಯಾಡಿಲಾಕ್‌ನಲ್ಲಿ ಅದಿತ್ತು. 1968ರಿಂದ ಅಮೆರಿಕದಲ್ಲಿ ಕಾರುಗಳಿಗೆ ಕಡ್ಡಾಯವಾಯಿತು.

ಸರಿ, ನಮ್ಮ ಮೇಜಿಗೆ ಬರೋಣ. ಎಂಎಕ್ಸ್-5ರ ಸಿಲಿಂಡರಿಗೆ ಒಂದು ದೊಡ್ಡ ತಟ್ಟೆಯಂಥ ಸರ್ವೋ ಅಂಟಿಕೊಂಡಿರುತ್ತದೆ. ಇಂಜಿನ್ನಿನ ನಿರ್ವಾತದಿಂದ ಕಾಲಿನ ಬಲವನ್ನು ಹೆಚ್ಚಿಸೋದು ಅದರ ಕೆಲಸ. ಈ ಇಲಿಬೋನಿನಂಥ ಕಾರಿನಲ್ಲಿ ಅದಕ್ಕೆ ಜಾಗವೇ ಇಲ್ಲ. ತೆಗೆದುಬಿಟ್ಟೆವು. ಪೆಡಲ್ ತುಳಿದರೆ ಕಲ್ಲು! ಅಳೆದು ನೋಡಿದರೆ ಸಿಲಿಂಡರಿನ ಒಳವ್ಯಾಸ 22.2 ಮಿ.ಮೀ. ಅಂದರೆ ಅಡ್ಡಕೊಯ್ತದ ವಿಸ್ತೀರ್ಣ 387 ಚದರ ಮಿ.ಮೀ. ಅದರ ಬದಲು 19 ಮಿ.ಮೀ. ವ್ಯಾಸದ್ದು ಹಾಕಿದರೆ 285ರ ಹತ್ತಿರ. ಅದೇ ಕಾಲು, ಅದೇ ಬಲ, ಒತ್ತಡ ಮಾತ್ರ ಸುಮಾರು ಮೂರನೇ ಒಂದು ಭಾಗ ಜಾಸ್ತಿ. ಪುಕ್ಕಟೆ ಅಲ್ಲ ಮತ್ತೆ, ಪೆಡಲ್ಲು ಅಷ್ಟೇ ಹೆಚ್ಚು ದೂರ ಹೋಗಬೇಕು. ನೆಲ ಮುಟ್ಟುವ ಮೊದಲೇ ಬ್ರೇಕು ಹಿಡಿಯುತ್ತದಾ ಅಂತ ನೋಡಿಕೊಂಡು ಗುಜರಿಯಿಂದ ಇನ್ನೊಂದು ಚಿಕ್ಕ ಸಿಲಿಂಡರ್ ತಂದೆವು.

ತಪ್ಪಾಗಿದ್ದು ಇಲ್ಲಿ. ಸರ್ವೋ ಇಲ್ಲದ ಮೇಲೆ ಪೆಡಲ್ಲಿನಿಂದ ಪಿಸ್ಟನ್ನಿಗೆ ಹೋಗುವ ಕಡ್ಡಿಯನ್ನು ನಾವೇ ಮಾಡಬೇಕು. ಅದನ್ನು ಮಾಡಿದವನು ನಾನು. ಪೆಡಲ್ ಅಲುಗಾಡಬಾರದು ಅಂತ ಕಡ್ಡಿಯನ್ನು ಪಿಸ್ಟನ್ನಿಗೆ ತಾಗಿಸಿಯೇ ನಟ್ಟು ಬಿಗಿದೆ. ಬ್ರೇಕ್ ಆಯಿಲ್ ಹಾಕಿ (ಹೆಸರು ಆಯಿಲ್, ಜಾತಿ ಗ್ಲೈಕಾಲ್, ನಿಜವಾದ ಎಣ್ಣೆ ಹಾಕಿದರೆ ರಬ್ಬರೆಲ್ಲ ಊದಿಕೊಳ್ಳುತ್ತದೆ) ಗಾಳಿ ತೆಗೆದೆವು. ಪೆಡಲ್ ಗಟ್ಟಿಯಾಗಿ ಬಂತು. ನನಗೋ ಖುಷಿಯೋ ಖುಷಿ. ಮನೆ ಮುಂದಿನ ಅವರದೇ ಜಾಗದಲ್ಲಿ ಕಾರನ್ನು ಹಿಂದೆ ಮುಂದೆ ಓಡಿಸಿ, ಏಳೆಂಟು ಸಲ ಬ್ರೇಕು ಹಾಕಿದ ಮೇಲೆ ಕಾರು ಅಲ್ಲಾಡಲೇ ಇಲ್ಲ. ತಳ್ಳಿದರೂ ಇಲ್ಲ. ಚಕ್ರದ ಹತ್ತಿರ ಕೈ ಇಟ್ಟರೆ ಬಿಸಿ.

ಸಿಲಿಂಡರಿನೊಳಗೆ ಒಂದು ಮಿ.ಮೀ.ಗಿಂತ ಸಣ್ಣ ರಂಧ್ರವಿದೆ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಬಂದು ಅದನ್ನು ತೆರೆಯಬೇಕು. ಬಿಸಿಯಾಗಿ ಹಿಗ್ಗಿದ ದ್ರವ ಅದರ ಮೂಲಕ ಡಬ್ಬಿಗೆ ವಾಪಸಾಗಬೇಕು. ನನ್ನ ಕಡ್ಡಿ ಪಿಸ್ಟನ್ನನ್ನು ಒಂದು ಕೂದಲೆಳೆಯಷ್ಟು ಮುಂದೆ ಹಿಡಿದಿತ್ತು. ರಂಧ್ರ ಮುಚ್ಚಿತ್ತು. ದ್ರವಕ್ಕೆ ಹೋಗೋಕೆ ದಾರಿ ಇಲ್ಲ, ಅದು ಪ್ಯಾಡುಗಳನ್ನೇ ಒತ್ತುತ್ತಿತ್ತು. ರಸ್ತೆಯಲ್ಲಿ, ಲಾರಿಯೊಂದರ ಮುಂದೆ, ಹೀಗಾಗಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ. ಕೋಡಿನಲ್ಲಿ ಬಗ್ ಆದರೆ ಪ್ಯಾಚ್ ಕೊಟ್ಟು ಸುಮ್ಮನಾಗುವ ಅಭ್ಯಾಸ ನಮಗೆ.

ಹಿರಿಯರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ನಟ್ಟು ಸಡಿಲಿಸಿ, ಪೆಡಲ್ಲಿಗೆ ಸ್ವಲ್ಪ ಆಟ ಬಿಟ್ಟು, ಕಡ್ಡಿ ಜಾರಿ ಹೊರಬರದಂತೆ ಒಂದು ತಡೆ ಹಾಕಿದರು. ಆಮೇಲೆ ನನ್ನ ಕೈಯಲ್ಲೇ ಬ್ರೇಕು ಹಾಕಿಸಿ, ಬಿಡಿಸಿ, ಚಕ್ರ ತಿರುಗಿಸಿ ನೋಡಿಸಿದರು, ಹತ್ತು ಸಲ.

ಇನ್ನು ಉಳಿದಿರೋದು ಐವಿಎ ಪರೀಕ್ಷೆ. ಮನೆಯಲ್ಲಿ ಕಟ್ಟಿದ ಕಾರುಗಳಿಗೆ 1998ರಿಂದ ಎಸ್‌ವಿಎ ಅಂತ ತಪಾಸಣೆ ಇತ್ತು, 2009ರಿಂದ ಅದರ ಜಾಗದಲ್ಲಿ ಇದು ಬಂದಿದೆ. ಬ್ರೇಕನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಅದಕ್ಕೆ ಮುಂಚೆ ಹಿಂದಿನ ಪೈಪುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಈ ಶನಿವಾರ ಮಳೆಯಂತೆ, ಗ್ಯಾರೇಜಿನ ಬಾಗಿಲು ಹಾಕಿಕೊಂಡೇ ಮಾಡೋಣ ಅಂದಿದ್ದಾರೆ.