ಹುಷಾರು ಎಂಬ ಎಚ್ಚರ

ನಮ್ಮ ಪರಶುರಾಂಪುರದ ಕಡೆ ಊರಿಗೆ ಹೊರಟವರಿಗೆ ‘ಹುಷಾರು’ ಎನ್ನುತ್ತೇವೆ. ಜ್ವರ ಬಂದವರು ‘ಹುಷಾರಿಲ್ಲ’ ಎನ್ನುತ್ತಾರೆ. ಜ್ವರ ಬಿಟ್ಟ ಮೇಲೆ ‘ಹುಷಾರಾದೆ’ ಎನ್ನುತ್ತಾರೆ. ಲೆಕ್ಕದಲ್ಲಿ ಚುರುಕಾದ ಹುಡುಗನೂ ಹುಷಾರೇ. ಹಗ್ಗ ಕಿತ್ತ ಹೋರಿ ಬೀದಿಗೆ ನುಗ್ಗಿದರೆ ಕೂಗುವುದೂ ‘ಹುಷಾರ್!’ ಎಂದೇ. ಅಪಾಯದ ಕೂಗಿಗೂ ಆರೋಗ್ಯದ ಸುದ್ದಿಗೂ ಒಂದೇ ಪದ ಒದಗಿದ್ದು ಹೇಗೆ?

ಪದದ ಮೂಲ ಪಾರಸಿ. ಅಲ್ಲಿ ‘ಹೋಶ್’ ಎಂದರೆ ಪ್ರಜ್ಞೆ, ‘ಹೋಶಿಯಾರ್’ ಎಂದರೆ ಪ್ರಜ್ಞೆಯುಳ್ಳವನು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲೇ ಪಾರಸಿ ಕನ್ನಡದ ನೆರೆಗೆ ಬಂದಿತ್ತು. ನಮ್ಮ ಸೀಮೆಗೆ ಅದು ಇನ್ನೂ ಹತ್ತಿರವಾಯಿತು: 1687ರಲ್ಲಿ ಶಿರಾ ಮೊಗಲರ ಸುಬಾದ ಕೇಂದ್ರವಾಯಿತು, 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು. ಜಮೀನು, ದಫ್ತರ, ತಹಶೀಲ್ದಾರ ಮೊದಲಾದವು ಆಡಳಿತದ ಮಾತುಗಳಾಗಿ ನೆಲೆಸಿದವು. ಹುಷಾರು ಅಡುಗೆಮನೆಯವರೆಗೂ ಬಂತು.

ನೆರೆಯ ಭಾಷೆಗಳಿಗೂ ಈ ಪದ ಹೋಗಿದೆ. ಮರಾಠಿಯಲ್ಲಿ ‘ಹುಷಾರ್’ ಎಂದರೆ ಜಾಣ. ತಮಿಳಿನ ‘ಉಷಾರ್’ ಎಂದರೆ ಜಾಗರೂಕತೆ. ನಮ್ಮ ಗಡಿಯಾಚೆಯ ತೆಲುಗಿನಲ್ಲಿ ಅದು ಉತ್ಸಾಹ, ಲವಲವಿಕೆ. ಕನ್ನಡ ಇದಕ್ಕೆ ಮೈಯ ಸ್ವಾಸ್ಥ್ಯವನ್ನೂ ಸೇರಿಸಿಕೊಂಡಿತು. ಆದರೆ ಉತ್ತರ ಕರ್ನಾಟಕದಲ್ಲಿ ಆ ಕೆಲಸವನ್ನು ‘ಆರಾಮ’ ಮಾಡುತ್ತದೆ. ಅದೂ ಪಾರಸಿಯದೇ.

ಇದೇ ದಾರಿಯಲ್ಲಿ ಬಂದ ‘ಖಬರ್ದಾರ್’ ಪದದ ಪಾಡು ಬೇರೆ. ಮೂಲದಲ್ಲಿ ಅದು ಸುದ್ದಿ ಬಲ್ಲವನು, ಎಚ್ಚರವಾಗಿರುವವನು. ಕನ್ನಡದಲ್ಲಿ ಅದು ಬೆದರಿಕೆಯಾಯಿತು. ಯಾರೂ ಮಗಳನ್ನು ಬಸ್ಸು ಹತ್ತಿಸುವಾಗ ‘ಖಬರ್ದಾರ್’ ಎನ್ನುವುದಿಲ್ಲ.

ನಮ್ಮದೇ ಪದವಾದ ‘ಎಚ್ಚರ’ವನ್ನು ನೋಡಿ. ಹಳಗನ್ನಡದ ‘ಎೞ್ಚರ್’ ಎಂದರೆ ನಿದ್ದೆಯಿಂದೇಳು. ಇವತ್ತಿಗೂ ‘ಎಚ್ಚರ ತಪ್ಪಿತು’ ಎಂದರೆ ಪ್ರಜ್ಞೆ ಹೋಯಿತು ಎಂದರ್ಥ. ಸಂಸ್ಕೃತದ ‘ಜಾಗ್ರತ’ದ ಹಿಂದೆಯೂ ಇರುವುದು ಎದ್ದಿರುವುದೇ. ಮೂರು ಭಾಷೆಗಳಿಂದ ಬಂದ ಮೂರು ಪದಗಳೂ ಒಂದೇ ಮಾತು ಹೇಳುತ್ತವೆ: ಎಚ್ಚರಿಸುವುದೆಂದರೆ ಹೆದರಿಸುವುದಲ್ಲ, ಎಬ್ಬಿಸುವುದು.

ಈ ವ್ಯತ್ಯಾಸ ನಮ್ಮ ಕಡೆ ನಿಜವಾಗಿಯೂ ಬೇಕಾದದ್ದು 2022ರಲ್ಲಿ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಅದು ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲೇ, 89 ವರ್ಷಗಳ ನಂತರ. ನಮ್ಮ ತಲೆಮಾರಿಗೆ ವೇದಾವತಿ ಎಂದರೆ ಬಹುಪಾಲು ಮರಳು, ಜಾಲಿ. ಅಂಥ ಹೊಳೆಯ ದಡದವರಿಗೆ ಪ್ರಕಟಣೆಯ ‘ಎಚ್ಚರಿಕೆ’ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದು ಕಷ್ಟ. ಹೊಳೆ ತುಂಬಿದ್ದನ್ನು ಕಂಡವರೇ ವಿರಳವಾಗಿರುವಾಗ ಯಾವುದಕ್ಕೆ ಎಚ್ಚರವಾಗಿರಬೇಕು? ‘ಹುಷಾರಪ್ಪೋ, ಹೊಳೆ ಬಂದೈತೆ’ ಎಂದು ಗುರುತಿನವರು ಹೇಳಿದರೆ ದನ ಬಿಚ್ಚಿಕೊಂಡು ಹೊರಡುತ್ತಾರೆ. ಹೇಳುವವನು ಯಾರು, ನಮ್ಮ ಒಳಿತು ಅವನಿಗೆ ಬೇಕೇ ಎಂಬುದನ್ನು ಕೇಳುವವನು ಮೊದಲು ತೂಗುತ್ತಾನೆ.

ಫಲಕ, ಪ್ರಕಟಣೆ, ನೋಟಿಸುಗಳಲ್ಲಿ ‘ಎಚ್ಚರಿಕೆ’ ಎಂಬುದು ಈಗ ದಂಡದ ಮುನ್ನುಡಿಯಂತೆ ಕೇಳಿಸುತ್ತದೆ. ಎಬ್ಬಿಸುವ ಪದ ಹೀಗೆ ಗದರುವ ಪದವಾದರೆ ಜನ ಅದನ್ನು ಓದುವುದನ್ನೇ ಬಿಡುತ್ತಾರೆ. ನಿಜವಾದ ಅಪಾಯ ಬಂದ ದಿನವೂ ಓದುವುದಿಲ್ಲ. ಹುಷಾರು ಹಾಗಾಗದೆ ಉಳಿದಿದೆ. ‘ನೀನು ಚೆನ್ನಾಗಿರು’ ಎಂಬ ಅರ್ಥ ಅದರಲ್ಲಿ ಇನ್ನೂ ಇರುವುದರಿಂದಲೇ ಅದನ್ನು ಕೇಳಿದವರು ತಿರುಗಿ ನೋಡುತ್ತಾರೆ.